ಯಾರೂ ಏಳದ ಭಾನುವಾರ

ಕಾಲು ಅಲುಗಾಡುತ್ತದೆಂದು ನಾನು ಮೊದಲೇ ಎಚ್ಚರಿಸಿದ್ದರೂ ಲೆಕ್ಕಿಸದೆ ಅಧ್ಯಕ್ಷ ಪೀಠವನ್ನು ಧೈರ್ಯದಿಂದ ಅಲಂಕರಿಸಿರುವ, ದಾವಣಗೆರೆ ಜವಳಿ ಬಜಾರಿನ ನಿವೃತ್ತ ಸಿಂಹ, ಧ್ವನಿಸಂದೇಶ ಚಕ್ರವರ್ತಿ ಶ್ರೀಮಾನ್ ವಾಮದೇವಪ್ಪನವರೇ. ವೇದಿಕೆಯ ಎಡಭಾಗವನ್ನು ತಮ್ಮ ಗಾಂಭೀರ್ಯದಿಂದಲೂ ಬಲಭಾಗವನ್ನು ತಮ್ಮ ಕೈಚೀಲದಿಂದಲೂ ತುಂಬಿರುವ, ಹರಿಹರದ ಹೈಸ್ಕೂಲು ಮಕ್ಕಳ ಪಾಲಿಗೆ ಗಣಿತವೂ ಗುಡುಗೂ ಆಗಿರುವ ಶ್ರೀಮತಿ ಪುಷ್ಪಲತಾ ಮೇಡಂ ಅವರೇ. ಈ ಮೈಕು ಕುಂಯ್ ಅಂದಾಗಲೆಲ್ಲ ಓಡಿಬಂದು ಅದರ ತಲೆ ಸವರುತ್ತಿರುವ, ಹುಟ್ಟೂರಿನ ಹೆಸರೂ ಸಾರಥಿ, ಆಟೋ ಓಡಿಸುವ ವೃತ್ತಿಯಲ್ಲೂ ಸಾರಥಿಯೇ ಆದ ಗೆಳೆಯ ಚೌಡೇಶ್ ಅವರೇ. ಇಂದಿನ ಸನ್ಮಾನಿತೆ, ಶಾಲಿನೊಳಗೆ ಮುಖ ಮುಚ್ಚಿಕೊಂಡು ನಗುತ್ತಿರುವ ಕುಮಾರಿ ಫಿರ್ದೌಸ್ ಅವರೇ. ಅವರ ಮಾತೃಶ್ರೀ ಶಹರ್ಬಾನು ಅಮ್ಮನವರೇ. ಕೆಳಗಿನ ಹಾಲಿನ ಮದುವೆ ಊಟದ ಘಮಕ್ಕೆ ಜಗ್ಗದೆ ಮೇಲೆ ಕುಳಿತಿರುವ ಸಭಿಕ ಮಹನೀಯರೇ. ಇದೇ ಮದುವೆ ಎಂದು ತಿಳಿದು ಒಳಗೆ ಬಂದು, ಈಗ ಎದ್ದು ಹೋಗಲು ಸಂಕೋಚಪಡುತ್ತಿರುವ ಹಿಂದಿನ ಸಾಲಿನ ಆ ಇಬ್ಬರು ಹಿರಿಯರೇ,

ದಾವಣಗೆರೆ–ಹರಿಹರ ಜಂಟಿ ಶ್ರವಣ ಮಂಡಳಿಯ ಈ ಪ್ರಪ್ರಥಮ ವಾರ್ಷಿಕೋತ್ಸವದಲ್ಲಿ ಮಾತನಾಡುವ ಭಾಗ್ಯ ನನಗೆ ಸಿಕ್ಕಿದೆ. ಹೇಗೆ ಸಿಕ್ಕಿತು? ಗ್ರೂಪಿನ ಅಡ್ಮಿನ್ ನಾನೇ ಆದ್ದರಿಂದ ನಾನೇ ಕೊಟ್ಟುಕೊಂಡೆ. ಹೆಸರು ಬಕ್ಕೇಶ್. ವಾಸ ದಾವಣಗೆರೆಯ ವಿದ್ಯಾನಗರ. ಮಂಡಳಿಯವರು ನನ್ನನ್ನು ಬೇರೆ ಬೇರೆ ಹೆಸರುಗಳಿಂದಲೂ ಕರೆಯುತ್ತಾರೆ. ಮಕ್ಕಳು ಬಂದಿರುವುದರಿಂದ ಅವನ್ನು ಇಲ್ಲಿ ಹೇಳುವುದಿಲ್ಲ.

ಸಭಿಕರೇ, ಇಂದು ಬೆಳಗ್ಗೆ ಇಲ್ಲಿ ಒಂದು ಪವಾಡ ನಡೆಯಿತು. ಎರಡು ವರ್ಷ ಮೊಬೈಲಿನಲ್ಲಿ ಒಬ್ಬರಿಗೊಬ್ಬರು ಜಗಳವಾಡಿದವರು ಮೊದಲ ಬಾರಿ ಮುಖ ನೋಡಿಕೊಂಡರು. ಗುರುತು ಸಿಕ್ಕಿತೇ? ಇಲ್ಲ. ಬಾಗಿಲಲ್ಲಿ ಪುಷ್ಪಲತಾ ಮೇಡಂ ಕಣ್ಣು ಮುಚ್ಚಿ ನಿಂತು, "ಮಾತಾಡ್ರಿ, ಆಮ್ಯಾಲೆ ಯಾರಂತ ಹೇಳ್ತೀನಿ" ಎಂದು ಎಲ್ಲರನ್ನೂ ಪರೀಕ್ಷೆ ಮಾಡಿ ಒಳಗೆ ಬಿಟ್ಟರು. ವಾಮದೇವಪ್ಪನವರ ಧ್ವನಿ ಕೇಳಿ ನಾನು ಆರಡಿಯ ಆಳು ಎಂದುಕೊಂಡಿದ್ದೆ. ಕ್ಷಮಿಸಿ ಅಧ್ಯಕ್ಷರೇ, ತಾವು ಕೂತೇ ಇರಿ. ಆ ಕುರ್ಚಿ ಎದ್ದವರನ್ನು ಮತ್ತೆ ಕೂರಿಸಿಕೊಳ್ಳುವ ಭರವಸೆಯಿಲ್ಲ.

ನಮ್ಮ ಮಂಡಳಿಯ ಕೆಲಸವೇನು? ಶುಕ್ರವಾರ ಒಬ್ಬ ಸದಸ್ಯರು ಒಂದು ಹೊಸ ಆಲ್ಬಂ ಹಾಕಬೇಕು. ಯಾವ ಭಾಷೆಯಾದರೂ ಸರಿ. ಉಳಿದವರು ಅದನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ, ಮಧ್ಯೆ ಹಾರಿಸದೆ, ಒಂದೇ ಕಡೆ ಕೂತು ಕೇಳಬೇಕು. ಭಾನುವಾರ ಸಂಜೆ ಚರ್ಚೆ. ಚರ್ಚೆಯಲ್ಲಿ "ಸೂಪರ್" ನಿಷಿದ್ಧ. ಹೆಬ್ಬೆರಳು ನಿಷಿದ್ಧ. ಕೈಮುಗಿದ ಚಿತ್ರವಂತೂ ಮಹಾಪಾತಕ. ಹಾಗಾದರೆ ಏನು ಹೇಳಬೇಕು? 'ಎದ್ದ ಜಾಗ' ಹೇಳಬೇಕು. ಯಾವ ಹಾಡಿಗೆ ಎದ್ದಿರಿ, ಯಾಕೆ ಎದ್ದಿರಿ, ಅಷ್ಟೇ. "ಮೂರನೇ ಹಾಡಿಗೆ ಎದ್ದೆ, ಹಾಲು ಉಕ್ಕಿತು" ಅಂದರೆ ಹಾಡಿನ ತಪ್ಪಿಲ್ಲ. "ಮೂರನೇ ಹಾಡಿಗೆ ಎದ್ದೆ, ಹಾಲು ಉಕ್ಕಿದೆಯಾ ನೋಡಿ ಬರೋಣಾಂತ" ಅಂದರೆ ಆ ಕಲಾವಿದನ ಕಥೆ ಮುಗಿಯಿತು.

ಈ ಕಾನೂನು ತಂದವರು ವಾಮದೇವಪ್ಪನವರು. ಅವರ ಮಾತಿನಲ್ಲೇ ಹೇಳುವುದಾದರೆ: "ಲೇ ತಮ್ಮಾ, ಗಿರಾಕಿ ಬಾಯಿ ಸೀರೆ ಚಂದ ಐತೆ ಅಂತತಿ. ಕಾಲು ಬಾಗ್ಲು ಕಡೆ ಇರ್ತತಿ. ನಾನು ಬಾಯಿ ಕೇಳಾಂವ ಅಲ್ಲ, ಕಾಲು ನೋಡಾಂವ."

ಇಂಥ ಮಂಡಳಿಯಲ್ಲಿ ಅತಿ ಹೆಚ್ಚು ಭಯ ಹುಟ್ಟಿಸಿದ ಸದಸ್ಯೆ ಯಾರು? ಫಿರ್ದೌಸ್. ಈಕೆ ಕಾಲೇಜಿನಲ್ಲಿ ನನ್ನ ಕ್ಲಾಸ್‌ಮೇಟ್. ಈಗ ಹರಿಹರದ ಒಂದು ಲ್ಯಾಬಿನಲ್ಲಿ ವಾರವಿಡೀ ಊರವರ ರಕ್ತ ತೆಗೆಯುತ್ತಾಳೆ, ಭಾನುವಾರ ಕಲಾವಿದರದ್ದು. ಮೊದಲನೇ ಹಾಡಿಗೇ ಏಳುವವಳು. ಎಲ್ಲರೂ ಬಾಯಲ್ಲಿ ಮಾತಾಡಿ ಕಳಿಸಿದರೆ ಈಕೆ ಮಾತ್ರ ಟೈಪ್ ಮಾಡುವಳು. ಯಾಕಮ್ಮಾ ಅಂದರೆ, "ಲ್ಯಾಬಲ್ಲಿ ಮಾತಾಡಂಗಿಲ್ಲ ಸರ್." ಹೀಗೆ ಎರಡು ವರ್ಷ ನನ್ನನ್ನು ಬಿಟ್ಟು ಮಂಡಳಿಯ ಯಾರೂ ಈಕೆಯ ಧ್ವನಿ ಕೇಳಿರಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ.

ಈಗ ನನ್ನ ಮಹತ್ಸಾಧನೆಯೊಂದನ್ನು, ವಿನಯವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ನಿವೇದಿಸುತ್ತೇನೆ.

ಕಳೆದ ವರ್ಷ ನನ್ನ ಸರದಿ ಬಂದಾಗ 'ಹಿಮಪಾತ' ಎಂಬ ಆಲ್ಬಂ ಹಾಕಿದೆ. ಉತ್ತರ ಧ್ರುವದ ಹತ್ತಿರ ಒಬ್ಬನೇ ವಾಸಿಸುವ ಮಹಾನ್ ಕಲಾವಿದನ ಕೃತಿ, ಪದಗಳಿಲ್ಲ, ವಾದ್ಯಗಳಿಲ್ಲ, ಬರೀ ನಾದ ಎಂದು ಬರೆದೆ. ಭಾನುವಾರ ಚರ್ಚೆ ಏರಿತು. ಪುಷ್ಪಲತಾ ಮೇಡಂ ಹೇಳಿದರು: "ಕೇಳ್ತಾ ಕೇಳ್ತಾ ನಂಗೆ ಚಳಿ ಹತ್ತಿತು. ಶಾಲು ಹೊದ್ಕಂಡೆ. ಎದ್ದಿಲ್ಲ." ವಾಮದೇವಪ್ಪನವರು ಹೇಳಿದರು: "ಇದರಾಗೆ ಒಂದು ದುಃಖ ಐತೆ. ಆ ದೇಶದ ಜನ ಹೆಂಗೆ ಬದುಕ್ತಾರೋ ಏನೋ. ನಾನೂ ಎದ್ದಿಲ್ಲ." ಚೌಡೇಶ್ ನಿಟ್ಟುಸಿರು ಬಿಟ್ಟ ಧ್ವನಿಸಂದೇಶವನ್ನೇ ಕಳಿಸಿದ.

ಕೊನೆಗೆ ಫಿರ್ದೌಸ್ ಟೈಪ್ ಮಾಡಿದಳು: "ಮೊದಲ ನಿಮಿಷಕ್ಕೇ ಎದ್ದೆ. ಮಂಡಕ್ಕಿ ತಿನ್ನಂಗಾಯ್ತು. ಒಂದು ಬಟ್ಟಲು ತಂದ್ಕಂಡು ಕೂತು ಪೂರ್ತಿ ಕೇಳಿದೆ. ಎದ್ದಿಲ್ಲ ಅಂದೋರೆಲ್ಲ ಕೊನೇ ನಿಮಿಷ ಇನ್ನೊಂದ್ಸಲ ಕೇಳ್ರಿ."

ಕೇಳಿದರು. ಕೊನೆಯ ನಿಮಿಷದಲ್ಲಿ ಉತ್ತರ ಧ್ರುವದ ಆ ಏಕಾಂತದಲ್ಲಿ ಒಬ್ಬ ಗಂಡಸು ಕೂಗುತ್ತಾನೆ: "ಏ ಬಕ್ಕೇಶಾ, ಮೊಬೈಲ್ ಆಮ್ಯಾಲೆ ಹಿಡಿಯುವಂತೆ, ಆ ಜರಡಿ ಕೊಡೋ ಈಕಡೆ!"

ಸಭಿಕರೇ, ಅದು ನಮ್ಮ ದೊಡ್ಡಪ್ಪನ ಮಂಡಕ್ಕಿ ಭಟ್ಟಿ. ಸುಡುಮರಳಿನಲ್ಲಿ ಅಕ್ಕಿ ಅರಳುವ ಸದ್ದು. ಅದಕ್ಕೆ ಮೇಡಂ ಶಾಲು ಹೊದ್ದಿದ್ದರು!

ನಗಬಹುದು. ನಾನೂ ಒಂದು ವಾರ ನಕ್ಕೆ. ಆದರೆ ಆ ವಾರದಲ್ಲಿ ನಾಲ್ಕಾರು ಸದಸ್ಯರು ಬಿಟ್ಟುಹೋದರು. ಉಳಿದವರು ಗ್ರೂಪಿನಲ್ಲೇ ಸಭೆ ಸೇರಿ ಇನ್ನೊಂದು ಕೀಟಲೆ ಮಾಡಿದರೆ ಬಕ್ಕೇಶ್ ಹೊರಗೆ ಎಂದು ಒಮ್ಮತದಿಂದ ತೀರ್ಮಾನಿಸಿದರು. ಒಮ್ಮತದಲ್ಲಿ ನಾನೂ ಇದ್ದೆ. ಅಂದಿನಿಂದ ನಮ್ಮ ಮಂಡಳಿಯಲ್ಲಿ "ಎದ್ದಿಲ್ಲ" ಎಂಬ ಮಾತು ಬರೆಯುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಅಕಸ್ಮಾತ್ ಏಳದಿದ್ದವರೂ ಕೊನೆಗೆ ಒಮ್ಮೆ ಸುಮ್ಮನೆ ಎದ್ದು ಕೂರುತ್ತಿದ್ದರು, ಅನುಮಾನ ಬೇಡವೆಂದು.

ಹೀಗಿರುವಾಗ ಫಿರ್ದೌಸ್ ಒಂದು ದಿನ ಫೋನು ಮಾಡಿದಳು.

"ಲೋ ಬಕ್ಕೇಶ, ನಾನೊಂದು ಆಲ್ಬಂ ಮಾಡೀನಿ. ಈ ಶುಕ್ರವಾರ ನಿನ್ನ ಸರದಿ ಅಲ್ವಾ? ನನ್ನ ಹೆಸರು ಹೇಳ್ದಂಗೆ ಹಾಕು."

"ಹೆಸರು ಯಾಕ ಬ್ಯಾಡ?"

"ನಂದು ಅಂತ ಗೊತ್ತಾದ್ರೆ ಎಲ್ರೂ ಒಳ್ಳೇರಾಗ್ಬಿಡ್ತಾರೆ. ಒಳ್ಳೇರ ಕಿವಿ ನಂಗೆ ಬ್ಯಾಡ. ಭಾನುವಾರದೊಳಗೆ ಒಬ್ರಾದ್ರೂ ಕೊನೇ ಹಾಡು ಮುಟ್ಟಿದ್ರೆ ಮುಂದೆ ಹಾಡ್ತೀನಿ. ಇಲ್ಲಾಂದ್ರೆ ಅಳಿಸಿ ಹಾಕ್ತೀನಿ. ಆಮ್ಯಾಲೆ ನೀನೂ ಹಾಡಿನ ಸುದ್ದಿ ಎತ್ತಬಾರದು."

ಹಾಕಿದೆ. ಆಲ್ಬಂ ಹೆಸರು 'ಹರಿಹರ ಬಂತು, ಇಳೀರಿ'. ಕೆಳಗೆ ಬರೆದೆ: "ಇದು ನಿಜವಾದ ಆಲ್ಬಂ. ದೇವರಾಣೆ." ಈಗ ಯೋಚಿಸಿದರೆ ಆ "ದೇವರಾಣೆ"ಯೇ ಕೆಲಸ ಕೆಡಿಸಿತು. ವಾಮದೇವಪ್ಪನವರ ಉತ್ತರ ತಕ್ಷಣ ಬಂತು: "ಈ ಸಲ ಯಾವ ಗಿರಣಿ ತಮ್ಮಾ?" ಮೇಡಂ: "ನಾನು ಶಾಲು ಒಗೆಯೋಕೆ ಹಾಕೀನಿ, ಈ ವಾರ ಆಗಲ್ಲ." ಆಮೇಲೆ ಗ್ರೂಪಿನಲ್ಲಿ ಮೌನ. ಯಾರೂ ಕೇಳಲಿಲ್ಲ. ಯಾರೂ ಏಳಲಿಲ್ಲ, ಯಾಕೆಂದರೆ ಯಾರೂ ಕೂರಲೇ ಇಲ್ಲ. ಆ ಮೌನವನ್ನು ಅದೇ ಗ್ರೂಪಿನಲ್ಲಿ ಕೂತು ಫಿರ್ದೌಸ್ ನೋಡುತ್ತಿದ್ದಳು.

ಶನಿವಾರ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಡಬ್ಬಿ ಉಣ್ಣುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಬಿಡೋ. ನಿನ್ನ ತಪ್ಪಲ್ಲ. ನಾಳೆ ತೆಗೀತೀನಿ" ಅಂದಳು. ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ನನಗೂ ಕೊಟ್ಟಳು. ಸಭಿಕರೇ, ಕೀಟಲೆ ಮಾಡುವವನಿಗೆ ಬೈಗುಳ ಜೀರ್ಣವಾಗುತ್ತದೆ. ಆ ಅರ್ಧ ರೊಟ್ಟಿ ಜೀರ್ಣವಾಗಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟಿಲ್ಲ. ಕಂಬಿ ಹಿಡಿದು ನೇತಾಡುತ್ತಿದ್ದೆ. ಎರಡೂ ಊರುಗಳ ನಡುವಿನ ಬಾತಿ ದಾಟುವಾಗ ಜ್ಞಾನೋದಯವಾಯಿತು. ಈ ಜನ ನಾನು ನಿಜ ಹೇಳಿದರೆ ಕೇಳುವುದಿಲ್ಲ. ಸುಳ್ಳು ಹೇಳಿದರೆ?

ಒಂದೇ ಕೈಯಲ್ಲಿ ಟೈಪ್ ಮಾಡಿದೆ: "ಮಾನ್ಯ ಸದಸ್ಯರೇ, ಒಪ್ಪಿಕೊಂಡೆ. ಈ ಆಲ್ಬಂನಲ್ಲಿ ಒಂದು ಕೀಟಲೆ ಅಡಗಿಸಿಟ್ಟಿದ್ದೇನೆ. ಹುಡುಕಿದವರಿಗೆ ಹೊಟ್ಟೆ ತುಂಬುವಷ್ಟು ಬೆಣ್ಣೆದೋಸೆ. ನಿಮ್ಮಿಂದಾಗುವುದಿಲ್ಲ ಬಿಡಿ."

ಮೊಬೈಲು ಗುಂಯ್‌ಗುಟ್ಟಿತು. ವಾಮದೇವಪ್ಪನವರು: "ಹುಡುಕ್ತೀನಿ, ದೋಸೆ ತಿಂತೀನಿ, ಆಮ್ಯಾಲೆ ನಿನ್ನ ಹೊರಗ್ ಹಾಕ್ತೀನಿ. ಅದೇ ಕ್ರಮದಾಗೆ." ಕೀಟಲೆ ಒಪ್ಪಿಕೊಂಡವನು ಮಂಡಳಿಯಿಂದ ಹೊರಗೆ ಎಂಬುದು ನನಗೆ ತಿಳಿಯದ್ದೇ? ತಿಳಿದಿತ್ತು. ಇಲ್ಲಿ ನೀವು ಚಪ್ಪಾಳೆ ತಟ್ಟಬಹುದು. ಬೇಡ, ಮೇಡಂ ನೋಡುತ್ತಿದ್ದಾರೆ.

ಆ ರಾತ್ರಿಯಿಂದ ಎರಡೂ ಊರುಗಳಲ್ಲಿ ನಡೆದದ್ದು ಶ್ರವಣವಲ್ಲ, ತಪಾಸಣೆ. ಒಂದೊಂದು ಹಾಡನ್ನೂ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಕೇಳಿದರು. ಪುಷ್ಪಲತಾ ಮೇಡಂ ಹಿಡಿದರು: "ಎರಡನೇ ಹಾಡಿನಾಗೆ ಕುಕ್ಕರ್ ಸೀಟಿ ಐತೆ. ಅದು ಶ್ರುತಿಗೆ ಕೂಡ್ತದೆ. ಬೇಕಂತಲೇ ಇಟ್ಟಿದ್ದು." ಚೌಡೇಶ್ ಆಟೋದಲ್ಲಿ ಹಾಕಿಕೊಂಡು ಹೊರಟ. ಅವನ ವರದಿ: "ಅಣ್ಣಾ, ಪ್ಯಾಸೆಂಜರ್ ಮನಿ ಬಂತು, ಇಳೀಲಿಲ್ಲ. ಹಾಡು ಮುಗೀಲಿ ಅಂದ್ರು. ಇದೇ ಏನ್ ಕೀಟ್ಲೆ?"

ಭಾನುವಾರ ಮಧ್ಯಾಹ್ನ ವಾಮದೇವಪ್ಪನವರ ಜಯಘೋಷ: "ಸಿಕ್ಕಿಬಿದ್ದೆ ಮಗನೇ! ನಾಲ್ಕನೇ ಹಾಡಿನಾಗೆ ಹೊಲಿಗೆ ಮಷಿನ್ ಐತೆ! ಆವತ್ತು ಭಟ್ಟಿ, ಇವತ್ತು ಮಷಿನ್! ದೋಸೆ ತಗೊಂಡ್ ಬಾ!"

ಮೇಡಂ ಉತ್ತರ ಕೊಟ್ಟರು: "ಅದು ತಾಳ ಸರ್. ಮಷಿನ್ ನಿಧಾನ ಆದಾಗ ಹಾಡೂ ನಿಧಾನ ಆಗ್ತದೆ. ಮಷಿನ್ ನಿಂತಾಗ ಆ ಹುಡುಗಿ ಬರೀ ಉಸಿರಾಡ್ತಾಳೆ. ಇನ್ನೊಂದ್ಸಲ ಕೇಳ್ರಿ."

ವಾಮದೇವಪ್ಪನವರು ಮತ್ತೆ ಕೂತು ಕೇಳಿದರು. ಆಮೇಲೆ ಒಂದು ಧ್ವನಿಸಂದೇಶ. ಮಂಡಳಿಯ ಇತಿಹಾಸದಲ್ಲೇ ಅವರ ಅತಿ ಚಿಕ್ಕ ಸಂದೇಶ. "ನಮ್ಮ ಅಂಗಡಿ ಕಟ್ಟೆ ಮ್ಯಾಲೆ ಟೈಲರ್‌ಗಳು ಕೂಡ್ತಿದ್ರು. ಸಂಜಿಗೆ ಒಂದೊಂದೇ ಮಷಿನ್ ನಿಲ್ತಿತ್ತು. ಕೊನೇದು ನಿಂತ ಮ್ಯಾಲೆ ನಾನು ಬಾಗ್ಲು ಹಾಕ್ತಿದ್ದೆ. ಅಂಗಡಿ ಮುಚ್ಚಿದ ಮ್ಯಾಲೆ ಆ ಸದ್ದು ಇವತ್ತೇ ಕೇಳಿದ್ದು. ದೋಸೆ ಬ್ಯಾಡ ತಮ್ಮಾ. ಎದ್ದಿಲ್ಲ."

ಎದ್ದಿಲ್ಲ! ಯಾರೂ ಬರೆಯಲು ಹೆದರುತ್ತಿದ್ದ ಆ ಪದ. ಅದರ ಹಿಂದೆಯೇ ಮೇಡಂ, "ಎದ್ದಿಲ್ಲ." ಚೌಡೇಶ್, "ಎದ್ದಿಲ್ಲ, ಪ್ಯಾಸೆಂಜರ್ರೂ ಎದ್ದಿಲ್ಲ." ಒಬ್ಬೊಬ್ಬರಾಗಿ ಇಡೀ ಮಂಡಳಿ. ಅಡ್ಮಿನ್ ಆದ ನಾನೂ ಬರೆದೆ, "ಎದ್ದಿಲ್ಲ."

ಉಳಿದವಳು ಫಿರ್ದೌಸ್ ಒಬ್ಬಳೇ. "ಎಲ್ಲಮ್ಮಾ ನಮ್ಮ ಕಟುಕಿ? ನೀನು ಎಲ್ಲಿ ಎದ್ದೆ ಹೇಳು" ಎಂದು ವಾಮದೇವಪ್ಪನವರು ಕೆಣಕಿದರು. ಆಗ ಎರಡು ವರ್ಷದಲ್ಲಿ ಮೊದಲ ಬಾರಿ ಆ ಹೆಸರಿನಿಂದ ಒಂದು ಧ್ವನಿಸಂದೇಶ ಬಂತು.

"ನಾನೂ ಎದ್ದಿಲ್ಲ ಸರ್. ಹಾಡ್ತಾ ಇದ್ದೆ."

ಅಷ್ಟೇ ಸಾಕಾಯಿತು. ಒಂದು ರಾತ್ರಿ, ಒಂದು ಹಗಲು ಆ ಧ್ವನಿಯನ್ನು ಕಳ್ಳನನ್ನು ಹುಡುಕಿದಂತೆ ಹುಡುಕಿದ್ದ ಕಿವಿಗಳು ಅವು. ಗುರುತು ಹಿಡಿಯಲು ಎರಡನೇ ವಾಕ್ಯ ಬೇಕಾಗಲಿಲ್ಲ. ಆಮೇಲೆ ಗ್ರೂಪಿನಲ್ಲಿ ನಡೆದ ಗದ್ದಲದಲ್ಲಿ ಮೇಡಂ ನಿಷಿದ್ಧವಾದ ಹೆಬ್ಬೆರಳನ್ನು ಸಾಲಾಗಿ ಕಳಿಸಿದರು. ನಾನು ಕಂಡೂ ಕಾಣದಂತಿದ್ದೆ.

ಮರುವಾರ ಅಭಿನಂದಿಸಲು ಫಿರ್ದೌಸ್ ಮನೆಗೆ ಹೋಗಿದ್ದೆ. ಆ ನಾಲ್ಕನೇ ಹಾಡಿನಲ್ಲಿ ಮಷಿನ್ ತುಳಿದವರು ಶಹರ್ಬಾನು ಅಮ್ಮನೇ. ಚಹಾ ಕೊಡುತ್ತಾ, "ಯಾವ ಹಾಡು ಹಿಡಿಸ್ತು ಬೇಟಾ ನಿಂಗೆ?" ಎಂದು ಕೇಳಿದರು. "ಎಲ್ಲಾ ಒಂದಕ್ಕಿಂತ ಒಂದು ಅಮ್ಮಾ" ಎಂದೆ. ಖುಷಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದರು. ಫಿರ್ದೌಸ್ ಎರಡನೇ ಆಲ್ಬಂ ಶುರು ಮಾಡಿದ್ದಾಳೆ. ಹರಿಹರದ ಈ ಮಹಡಿ ಹಾಲಿನಲ್ಲಿ ಇವತ್ತು ಶಾಲು, ಹಾರ, ಹಣ್ಣಿನ ಬುಟ್ಟಿ ಇಟ್ಟುಕೊಂಡು ನಾವು ಬೀಗುತ್ತಿರುವುದು ಅದಕ್ಕೇ. ದೊಡ್ಡ ದೊಡ್ಡ ಊರುಗಳಲ್ಲಿ ಹಾಡುವವರು ಸಾವಿರ ಇರಬಹುದು. ಅವರ ಕುಕ್ಕರ್ ಸೀಟಿಯ ಶ್ರುತಿ ಹಿಡಿಯುವ ಕಿವಿ ಎಲ್ಲಿದೆ? ಬಾತಿಯ ಈಕಡೆ ಒಂದಿಷ್ಟು, ಆಕಡೆ ಒಂದಿಷ್ಟು. ನಾನು ಈ ಕಿವಿಗಳ ಅಡ್ಮಿನ್ ಎಂದು ಹೇಳಿಕೊಳ್ಳಲು ಎದೆ ಎರಡಿಂಚು ಮುಂದೆ ಬರುತ್ತದೆ.

ಅಧ್ಯಕ್ಷರಿಗೆ, ಮೇಡಂ ಅವರಿಗೆ, ಮೈಕಿಗೆ, ಮೈಕನ್ನು ಸಂತೈಸಿದ ಚೌಡೇಶನಿಗೆ, ಕೊನೆಯವರೆಗೂ ಏಳದ ಹಿಂದಿನ ಸಾಲಿನ ಆ ಇಬ್ಬರು ಹಿರಿಯರಿಗೆ ಮಂಡಳಿಯ ಪರವಾಗಿ ವಂದನೆಗಳು. ಕೆಳಗೆ ಎರಡನೇ ಪಂಕ್ತಿ ಶುರುವಾಗಿದೆ, ತಾವಿನ್ನು ಹೋಗಬಹುದು.

ಹಾಂ, ವಾಮದೇವಪ್ಪನವರೇ, ಒಂದು ಸಣ್ಣ ವಿಷಯ ಉಳಿಯಿತು. ಅಡಗಿದ್ದ ಕೀಟಲೆ ಕೊನೆಗೂ ಸಿಗಲಿಲ್ಲ, ಬಕ್ಕೇಶನನ್ನು ಹೊರಗೆ ಹಾಕಲಾಗಲಿಲ್ಲ ಎಂದು ತಾವು ಆಗಾಗ ಕೊರಗುತ್ತೀರಿ. ನೀವೆಲ್ಲ ಕೀಟಲೆ ಹುಡುಕುವುದಕ್ಕೆಂದು ಆಲ್ಬಂ ಕೇಳಿದಿರಿ. ಹಾಡಿದವಳನ್ನು ಬಿಟ್ಟರೆ, ಅದರಲ್ಲಿ ಕೀಟಲೆ ಇಲ್ಲವೆಂದು ಗೊತ್ತಿದ್ದವನು ನಾನೊಬ್ಬನೇ. ಮೊದಲು ಭಯ. ಕೇಳಿದ ಮೇಲೆ ನನಗೇ ಹಿಡಿಸದೆ ಹೋದರೆ, ಆ ಮೆಟ್ಟಿಲ ಮೇಲೆ ಅವಳ ಮುಖ ಹೇಗೆ ನೋಡಲಿ? ಆಮೇಲೆ ನಿಮ್ಮ ಧ್ವನಿಸಂದೇಶಗಳನ್ನೇ ಮತ್ತೆ ಮತ್ತೆ ಕೇಳುವ ಸಂಭ್ರಮ. ಕುಕ್ಕರ್, ಮಷಿನ್, ಉಸಿರು ಎಂದು ಇಷ್ಟು ಹೊತ್ತು ನಾನು ವರ್ಣಿಸಿದ್ದೆಲ್ಲ ನೀವು ಹೇಳಿದ್ದೇ. "ಎದ್ದಿಲ್ಲ" ಎಂದು ಬರೆದದ್ದು ಮಾತ್ರ ಸುಳ್ಳಲ್ಲ. ನಾನು ಕೂತೇ ಇರಲಿಲ್ಲ. ಆ ಆಲ್ಬಂ ನಾನಿನ್ನೂ ಕೇಳಿಲ್ಲ.

ಇಯರ್‌ಫೋನ್ ಜೇಬಿನಲ್ಲಿದೆ. ವಾಪಸ್ಸು ಹೋಗುವಾಗ ಬಸ್ಸಿನಲ್ಲಿ ಸೀಟು ಸಿಕ್ಕರೆ ಕೂತೇ ಕೇಳುತ್ತೇನೆ. ಫಿರ್ದೌಸ್, ಆ ಹಣ್ಣಿನ ಬುಟ್ಟಿ ಕೆಳಗಿಡು, ಅದು ಸನ್ಮಾನದ್ದು, ಎಸೆಯೋದಕ್ಕಲ್ಲ. ಎಲ್ಲರಿಗೂ, ಬಾಗಿಲ ಕಡೆ ಓಡುತ್ತಲೇ, ನಮಸ್ಕಾರ.