ಕೊಳಲಿನ ಅಡಿಯ ಕೂಗು

ಮೆಲ್ಕಾರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕಾಲೇಜಿನ ಇಬ್ಬರು, ಉಜ್ವಲ್ ಮತ್ತು ಪ್ರಾಪ್ತಿ, ಉಜ್ವಲ್ ಬೆಳಿಗ್ಗೆ ತೆಗೆದ, ಮಳೆನೀರು ತುಂಬಿ ಹರಿಯುವ ತೋಡಿನ ವೀಡಿಯೊಗೆ ಮೊಬೈಲಿನಲ್ಲಿ ಕೊಳಲು ಸೇರಿಸಿ ರೀಲ್ಸ್ ಮಾಡುತ್ತಿದ್ದರು.

“ನೀರಿನ ಸದ್ದಿನ ನಡುವೆ ಅದೆಂತ ಕೂಗು?” ಪ್ರಾಪ್ತಿ ಕೇಳಿದಳು.

“ನಮ್ಮ ಪಕ್ಕದ ಮನೆಯ ಪ್ರೇಮಾವತಿಯಕ್ಕನ ಕರು. ತೋಡಿಗೆ ಬಿದ್ದಿತ್ತು, ಕೊಚ್ಚಿಕೊಂಡು ಹೋಯ್ತು.”

“ನೀನು ಹಿಡೀಲಿಲ್ವಾ?”

“ಹಿಡಿದಿದ್ರೆ ವೀಡಿಯೊ ಅಲ್ಲಾಡ್ತಿತ್ತಲ್ಲ ಮಾರಾಯ್ತಿ.”

“ಹಾಗಾದ್ರೆ ಕೂಗು ತೆಗೀಲಾ?”

“ಬೇಡ. ಸಣ್ಣ ಮಾಡಿ ಕೊಳಲಿನ ಅಡಿಗೆ ಹಾಕು. ದೂರದಲ್ಲಿ ಶಂಖ ಊದಿದ ಹಾಗೆ ಕೇಳ್ತದೆ.”

“ಹೌದು ಮಾರಾಯ, ಚಂದ ಉಂಟು!”

ಅಲ್ಲೇ ಅಪ್‌ಲೋಡ್ ಮಾಡಿದರು.

“ಫಸ್ಟ್ ಕಮೆಂಟ್ ಬಂತು. ಪ್ರೇಮಾವತಿಯಕ್ಕಂದೇ,” ಎಂದಳು ಪ್ರಾಪ್ತಿ.

“ಎಂತ ಬರೆದಿದ್ದಾರೆ?”

“‘ಕೊಳಲು ಕೇಳಿ ಮನಸ್ಸು ತಂಪಾಯ್ತು ಮಗಾ. ಆ ಕಡೆ ನಮ್ಮ ಕರು ಬಂದಿತ್ತಾ?’”

“ಒಂದು ಹಾರ್ಟ್ ಒತ್ತು. ಬಸ್ ಬಂತು.”