ಕಾಗೆ ಎಂಜಲು

ಕೇಳ್ರಪ್ಪಾ ಕೇಳಿ. ಮುಂದೆ ಕೂತವರೂ ಕೇಳಿ, ಗೋಡೆ ಹಿಂದೆ ನಿಂತವರೂ ಕೇಳಿ. ಒಂದಾನೊಂದು ಕಾಲದಲ್ಲಿ ಒಂದು ಊರು. ಹೆಸರು ಹೇಳಲ್ಲ, ಹೇಳಿದರೆ ನಮ್ಮೂರೇ ಅಂತ ಜಗಳಕ್ಕೆ ಬರ್ತೀರಿ.

ಆ ಊರಲ್ಲಿ ಮೇಲಿನ ಕೇರಿ, ಕೆಳಗಿನ ಕೇರಿ. ಕೆಳಗಿನವರು ಮುಟ್ಟಿದ್ದನ್ನು ಮೇಲಿನವರು ತಿನ್ನಬಾರದು. ಯಾರು ಮಾಡಿದ ಕಟ್ಟಳೆ? ತಿನ್ನೋಕೆ ಹೆಚ್ಚಿದ್ದವರು ಮಾಡಿದ್ದು. ಇನ್ಯಾರು ಮಾಡ್ತಾರೆ?

ಯಜಮಾನ ಬಸಲಿಂಗಪ್ಪನ ಮೊಮ್ಮಗಳು ನೀಲವ್ವ. ಕೆಳಗಿನ ಕೇರಿಯ ಚೌಡಜ್ಜನ ಮೊಮ್ಮಗಳು ದ್ಯಾವಿ. ಇಬ್ಬರಿಗೂ ಎಂಟು ವರ್ಷ, ಇಬ್ಬರಿಗೂ ಸೀಬೆಹಣ್ಣಿನ ಹುಚ್ಚು.

ಒಂದು ದಿನ ಹಳ್ಳದ ದಂಡೆಯಲ್ಲಿ ಒಂದೇ ಒಂದು ಹಣ್ಣು ಸಿಕ್ಕಿತು. ಏನು ಮಾಡಿದರು? ನೀವು ಚಿಕ್ಕವರಿದ್ದಾಗ ಮಾಡಿದ್ದನ್ನೇ. ಲಂಗದ ಅಂಚನ್ನು ಹಣ್ಣಿಗೆ ಸುತ್ತಿ, ಬಟ್ಟೆಯ ಮೇಲಿಂದ ಕಚ್ಚಿ ಮುರಿದು ಹಂಚಿಕೊಂಡರು. ಕಾಗೆ ಎಂಜಲು! ಬಟ್ಟೆ ಅಡ್ಡ ಇದ್ದರೆ ಅದು ಎಂಜಲೇ ಅಲ್ಲ. ಅದು ಮಕ್ಕಳ ಕಾನೂನು.

ಕಂಡವನೊಬ್ಬ ಓಡಿಹೋಗಿ ಚಾಡಿ ಹೇಳಿದ. ಪಂಚಾಯ್ತಿ ಸೇರಿತು. ತಪ್ಪು ಅಂತಾದರೆ ದ್ಯಾವಿಯ ಮನೆಯವರು ಸಂಜೆಯೊಳಗೆ ಊರು ಬಿಡಬೇಕು.

ಯಜಮಾನ ಮೊಮ್ಮಗಳನ್ನು ಕೇಳಿದ, "ಯಾರ ಎಂಜಲು ತಿಂದೆ?"

"ಕಾಗೆ ಎಂಜಲು, ತಾತ."

"ಯಾರ ಎಂಜಲು?" ಮೀಸೆ ಕುಣಿಯಿತು.

"ಕಾಗೆ ಎಂಜಲು."

"ಯಾರದೇ?" ಕೋಲು ನೆಲಕ್ಕೆ ಬಡಿಯಿತು.

"ಕಿವಿ ಕೇಳಲ್ವಾ ತಾತ? ಕಾಗೇದು!"

ಗುಂಪಲ್ಲಿ ಯಾರೋ ಕಿಸಕ್ಕೆಂದರು. ಯಜಮಾನ ಉರಿದುಬಿದ್ದ. "ಸಾಕು! ಚೌಡನ ಮನೆಯವರು ಗಂಟು ಕಟ್ಟಲಿ."

ಆಗ ದ್ಯಾವಿ ಬಾಯಿ ಬಿಟ್ಟಳು. "ಯಜಮಾನ್ರೇ, ನಾನು ಕಚ್ಚಿದ್ದು ಅವಳು ತಿಂದಳು. ಅವಳು ಕಚ್ಚಿದ್ದು ನಾನು ತಿಂದೆ. ನಮ್ಮನೆಯವರು ಮಾತ್ರ ಯಾಕೆ ಹೋಗಬೇಕು?"

ಕೇಳಿದಿರಾ? ಎಂಟು ವರ್ಷದವಳು ಕೇಳಿದ ಮಾತು. ಮೂವತ್ತು ವರ್ಷದವರು ಕೇಳಿರಲಿಲ್ಲ, ಐವತ್ತು ವರ್ಷದವರು ಕೇಳಿರಲಿಲ್ಲ, ಎಂಬತ್ತು ವರ್ಷದವರೂ ಕೇಳಿರಲಿಲ್ಲ. ಬಾಯಲ್ಲಿ ಏನು ತುಂಬಿಕೊಂಡಿದ್ದರೋ!

ನೀಲವ್ವ ಎದ್ದು ನಿಂತಳು. "ಹೌದಲ್ವಾ! ತಾತ, ನಾವೂ ಗಂಟು ಕಟ್ಟಬೇಕು. ನೀನು ಚಾಪೆ ಹೊತ್ಕೋ, ನಾನು ಕುರಿಮರಿ ಹಿಡ್ಕೊಂಡು ಬರ್ತೀನಿ."

ಆಗ ಚೌಡಜ್ಜ ಎದ್ದ. ಅರವತ್ತು ವರ್ಷ ನುಂಗಿಕೊಂಡಿದ್ದ ಮಾತು ಹೊರಗೆ ಬಂತು.

"ಬಸಲಿಂಗಪ್ಪಾ, ಅದೇ ಹಳ್ಳದ ದಂಡೆ. ಮಾವಿನಕಾಯಿ. ಸುತ್ತಿದ್ದು ನನ್ನ ಪಂಚೆ. ನೀನು ಕಚ್ಚಿದ ರಭಸಕ್ಕೆ ಹರಿದೇಹೋಯ್ತು. ನಮ್ಮವ್ವ ನನ್ನನ್ನು ಬಡಿದಳು. ನಿನ್ನ ಹೆಸರು ನಾನು ಹೇಳಲಿಲ್ಲ."

ಊರೆಲ್ಲ ಯಜಮಾನನ ಮುಖ ನೋಡಿತು. ಅವನು ಕೋಲು ಕೆಳಗಿಟ್ಟ.

"ಬಲು ಹುಳಿ ಇತ್ತು ಕಣೋ ಚೌಡ," ಅಂದ. "ಉಪ್ಪು ನೀನೇ ತಂದಿದ್ದೆ."

ಅವತ್ತು ಯಾರೂ ಗಂಟು ಕಟ್ಟಲಿಲ್ಲ.

ಮಾರನೇ ದಿನ ಮತ್ತೆ ಒಂದು ಸೀಬೆಹಣ್ಣು ಸಿಕ್ಕಿತು. ನೀಲವ್ವ ಲಂಗದ ಅಂಚು ಎತ್ತಿದಳು. ದ್ಯಾವಿ ಅವಳ ಕೈ ತಳ್ಳಿದಳು. "ತೆಗಿಯೇ ಅದನ್ನ. ಹಣ್ಣೆಲ್ಲ ಬಟ್ಟೆ ರುಚಿ ಬರುತ್ತೆ."

ಹಣ್ಣು ಅವರು ತಿಂದರು, ಕಥೆ ನೀವು ಕೇಳಿದಿರಿ. ಈಗ ಮನೆಗೆ ಹೋಗಿ. ಆ ಬಟ್ಟೆ ಇನ್ನೂ ನಿಮ್ಮ ಕೈಯಲ್ಲಿದ್ದರೆ, ದಾರಿಯಲ್ಲೇ ಬಿಸಾಕಿ ಹೋಗಿ.