ಲಿಂಗಕ್ಕನ ಮಾರಿ ಇದ್ದ ತಗಡು

ನಗಬ್ಯಾಡ್ರಿ... ಇದು ಆದೋನಿಯಾಗ, ನಮ್ಮ ಓಣಿ ಜಂಬಪ್ಪಗ ಆಗಿದ್ದು. ಯುದ್ಧದ ಕಾಲ. ಸೀಮೆಎಣ್ಣಿ ಸಿಗದ ಬೀದಿ ದೀಪಾನೂ ಹತ್ತಿದ್ದಿಲ್ಲ. ಛಾಪಖಾನಿ ಬಾಗಲ ಹಾಕಿ, ಜಂಬಪ್ಪ ಒಬ್ಬನೇ ಮನಿಗೆ ಹೊಂಟಿದ್ದ. ದಾರಿಯಾಗ ಆ ಹಳೇ ಬಾವಿ...

ಅವನ ಕೆಲಸ ಹೇಳ್ತೀನಿ. ಹತ್ತಿ ಅಂಡಿಗಿ, ಆ ಒತ್ತಿ ಕಟ್ಟಿದ ಮೂಟಿ ಮ್ಯಾಲೆ ಅಂಟಸೋ ಬಣ್ಣದ ಚೀಟಿ ಇರ್ತಾವಲ್ಲ, ಆನಿ, ನವಿಲು... ಆ ಚಿತ್ರದ ತಗಡು ಮಾಡೋನು. ತಾಮ್ರಕ್ಕ ಮೇಣ ಸವರಿ, ಸೂಜಿಲೆ ಚಿತ್ರ ಗೀರಿ, ಆಸಿಡ್‌ನಾಗ ಮುಳುಗಿಸಿ ಇಡೋದು. ಗೀರಿದ ಕಡೆ ಆಸಿಡ್ ತಾಮ್ರ ತಿಂತೈತಿ. ಆ ಗೆರಿಗೆ ಮಸಿ ತುಂಬಿ ಕಾಗದ ಒತ್ತಿದ್ರ ಚಿತ್ರ ಮೂಡತೈತಿ.

ಆವತ್ತು ಅವ ಮುಳುಗಿಸಿ ಬಂದಿದ್ದು ನವಿಲಲ್ಲ. ಹೆಂಡತಿ ಲಿಂಗಕ್ಕನ ಮಾರಿ.

ಆಕಿ ಮಳಿಗಾಲದಾಗ ಜ್ವರ ಬಂದು ತೀರಿಹೋಗಿದ್ಲು. ಒಂದು ಫೋಟೋ ಸೈತ ಇಲ್ಲ. ಮಗಳು ಗಂಗಿ ಇನ್ನೂ ಸಣ್ಣಾಕಿ. "ಅಪ್ಪಾ, ಅವ್ವ ಹೆಂಗಿದ್ಲು?" ಅಂತ ಕೇಳಿದ್ಲು. ಕೂಸು ಆಗಲೇ ಮರಿಯಾಕ ಹತ್ತಿತ್ತು. ಜಂಬಪ್ಪಗೂ ಕಣ್ಣು ಮುಚ್ಚಿದ್ರ ಆಕಿ ಮಾರಿ ಮಸಕ ಮಸಕ... ಪೂರಾ ಅಳಿಸೋಕ ಮೊದ್ಲ ತಗಡಿನಾಗ ಹಿಡದಿಡಬೇಕಂತ ಕುಂತ. ಎಷ್ಟೋ ತಗಡು ಕೆಡಿಸಿದ. ಆವತ್ತ ಕಣ್ಣು ಸರಿ ಬಂದಿದ್ವು. ಬೆಳಗಿನತನಕ ಆಸಿಡ್‌ನಾಗ ಇರ್ಲಿ ಅಂತ ಬಿಟ್ಟು ಬಂದಿದ್ದ.

ಬಾವಿ ಹತ್ರ ಬಂದ... ನಿಂತ.

ಸುಸ್ಸ್... ಸುಸ್ಸ್... ಆಸಿಡ್ ತಾಮ್ರ ತಿನ್ನೋ ಸಪ್ಪಳ. ಬಾವಿಯಾಗ ಅದು ಹೆಂಗ ಕೇಳತೈತಿ? ಆಮ್ಯಾಲೆ, ಕಿಣ್... ಗಾಜಿನ ಬಳಿಗಳ ಸಪ್ಪಳ.

"ಯಾರದು?"

ಬೆನ್ನ ಹಿಂದ ಪಿಸುಮಾತು.

"ಏನ್ರೀ... ಮಾರಿ ಉರಿತೈತ್ರಿ..."

ಆ ದನಿ ಗೊತ್ತಾತು. ಅಂಜಿಕಿ ಬರಲಿಲ್ಲಂತ ಅವಗ, ಅಳು ಬಂತು. ಹೊಳ್ಳಿ ನೋಡಲಿಲ್ಲ.

"ಲಿಂಗೀ... ಗಂಗಿಗೆ ನಿನ್ನ ಮಾರಿ ತೋರಸಬೇಕು. ಇದೊಂದು ರಾತ್ರಿ ತಡಕೋ."

ಸುಸ್ಸ್...

"ತಡಿಯಾಕ ಆಗವಲ್ದು... ತಗೀರಿ..."

ಓಡಿದ. ಛಾಪಖಾನಿ ಬಾಗಲ ತಗದು, ಬರಿ ಕೈಲೆ ತಗಡು ಎತ್ತಿ ನೀರಿಗೆ ಹಾಕಿದ. ಕೈ ಸುಟ್ಟದ್ದು ಗೊತ್ತಾಗಲಿಲ್ಲ. ಬೆಂಕಿಕಡ್ಡಿ ಗೀರಿ ನೋಡಿದ. ಗೆರಿ ಕೂದಲೆಳಿಯಷ್ಟ ಇಳಿದಿದ್ವು. ತಗಡಿನಾಗಿಂದ ಆಕಿ ಅವನ್ನ ನೋಡಾಕ ಹತ್ತಿದ್ಲು. ಇನ್ನೊಂದೀಟು ಹೊತ್ತು ಇಟ್ಟಿದ್ರ ಉಳಿತಿದ್ಲು...

ಗೆರಿ ಇರೋತನಕ ಆಕಿ ಉರಿ ಆರಂಗಿಲ್ಲಂತ, ಜಂಬಪ್ಪ ಮೇಣ ತಗದು ಇದ್ದಲಿಲೆ ತಗಡು ಉಜ್ಜಿದ. ಹಣಿ ಹೋತು. ಬಾಯಿ ಹೋತು. ಕಣ್ಣು ಉಜ್ಜಾಕ ಮಾತ್ರ ಬಾಳ ಹೊತ್ತು ಕೈ ಏಳಲಿಲ್ಲ. ಕಡೀಕ ಬರೇ ತಾಮ್ರ ಉಳೀತು.

"ಈಗ ತಂಪಾತೇನ?" ಅಂದ.

ಬಾಗಲ ಹಾಕಿ ಮನಿ ಕಡೆ ನಡದ.

ಮನಿ ಮುಟ್ಟಿದಾಗ ಬೆಳಕು ಹರಿತಿತ್ತು. ಕೂಸಿನ ಕಾಯಾಕ ಬಂದಿದ್ದ ಪಕ್ಕದ ಮನಿ ಹುಲುಗಮ್ಮ ಒಳಗಿಂದ ಅಗಳಿ ತಗದ್ಲು. ಗಂಗಿ ನಿದ್ದಿಯಾಗಿದ್ಲು. ಅವ್ವ ಹೋದಮ್ಯಾಲೆ ಆ ಕೂಸಿನ ತಲಿ ಯಾವಾಗಲೂ ಕೆದರಿಕೊಂಡ ಇರ್ತಿತ್ತು, ಜಂಬಪ್ಪಗ ಜಡಿ ಹಾಕಾಕ ಬರ್ತಿದ್ದಿಲ್ಲ. ಈಗ ನೋಡಿದ್ರ ಎಣ್ಣಿ ಹಚ್ಚಿ, ಬೈತಲಿ ತಗದು, ಬಿಗಿಯಾಗಿ ಜಡಿ ಹೆಣೆದಿತ್ತು.

"ಹುಲುಗವ್ವಾ, ನೀ ಹಾಕಿದೇನು?"

"ಇಲ್ಲಪ್ಪಾ... ರಾತ್ರಿ ಮಲಗಿಸಿದಾಗ ಕೆದರೇ ಇತ್ತು."

ಸುಳ್ಳಲ್ರಿ, ಖರೇನ ನಡದದ್ದು. ಆ ಜಡಿ ನಮ್ಮವ್ವ ಕಣ್ಣಾರೆ ನೋಡ್ಯಾಳ, ಕೈಲೆ ಮುಟ್ಯಾಳ. ಎಣ್ಣಿ ಇನ್ನೂ ಹಸಿ ಇತ್ತಂತ. ಆ ಮನಿಯಾಗ ಎಣ್ಣಿ ಮುಗಿದು ಬಾಳ ದಿನ ಆಗಿತ್ತು.